ಮೀನಿಗೆ ಆಫೀಸಿಲ್ಲ

ಗಲ್ಫಿನ ಅಲ್ ನಹ್ದಾದಲ್ಲಿ ನಮ್ಮ ಎದುರು ಫ್ಲ್ಯಾಟಿನ ಅಂಕಲ್ ಉಡುಪಿ ಕಡೆಯವರು. ಶನಿವಾರ ಬೆಳಗಿನ ಜಾವ ಕಡಲ ನೀರು ಒಳಬರುವ ಕ್ರೀಕಿನ ದಡದಲ್ಲಿ ನನಗೆ ಗಾಳ ಹಾಕಲು ಕಲಿಸುತ್ತಿದ್ದರು. ನೆನೆಸಿದ ಖುಬ್ಬೂಸ್ ರೊಟ್ಟಿಯ ಉಂಡೆಯನ್ನು ಗಾಳಕ್ಕೆ ಚುಚ್ಚುವಾಗ, ಮಗುವಿಗೆ ತುತ್ತು ಕೊಡುವವರಂತೆ ಅವರ ಬಾಯಿಯೂ ತುಸು ತೆರೆದುಕೊಳ್ಳುತ್ತಿತ್ತು.

ನೀರಿನ ಮೇಲೆ ತೇಲುವ ಬೆಂಡು ಅಲ್ಲಾಡಿದ ಕೂಡಲೇ ನಾನು ಕೋಲು ಎಳೆದುಬಿಡುತ್ತಿದ್ದೆ. ಗಾಳ ಖಾಲಿ. “ಹೋಯ್ತಲ್ಲಾ ಗುರೂ!” ಎಂದು ನಮ್ಮ ಮೈಸೂರಿನ ರಾಗ ಎಳೆಯುತ್ತಿದ್ದೆ.

“ಎಂಥ ಅವಸರ ಮಾರಾಯ? ಮೀನಿಗೆ ಆಫೀಸಿಲ್ಲ.”

ಆ ಮಾತನ್ನು ಅವರದೇ ದನಿಯಲ್ಲಿ ಹೇಳಿ ಲಿಫ್ಟಿನಲ್ಲಿ ಎಲ್ಲರನ್ನೂ ನಗಿಸುತ್ತಿದ್ದೆ. ಅಂಕಲ್ ಅಲ್ಲೇ ನಿಂತು ಕೇಳಿಸಿಕೊಳ್ಳುತ್ತಿದ್ದರು.

ಅಂಕಲ್ ಇಲ್ಲಿನ ಕೆಲಸ ಮುಗಿಸಿ ಊರಿಗೆ ಹೊರಡುವ ಮುಂಚಿನ ಶನಿವಾರ, “ನಿನಗೊಂದು ಮೀನು ಸಿಗದೆ ನಾನು ವಿಮಾನ ಹತ್ತುವುದು ಹೇಗೆ ಮಾರಾಯ?” ಎಂದರು. ಅಂದು ಮಂಜಿನಲ್ಲಿ ನೀರೂ ಆಕಾಶವೂ ಒಂದೇ ಬಣ್ಣವಾಗಿ, ಬೆಂಡು ಗಾಳಿಯಲ್ಲೇ ತೇಲುತ್ತಿದ್ದಂತಿತ್ತು. ಅದು ಅಲ್ಲಾಡಿತು. ಅಂಕಲ್ ಬೆಂಡನ್ನೇ ನೋಡುತ್ತಿದ್ದರು. ಕೈಯನ್ನು ತಡೆಯಲು ನಾನೇ ಅವರ ದನಿಯಲ್ಲಿ, “ಎಂಥ ಅವಸರ ಮಾರಾಯ?” ಎಂದುಕೊಂಡೆ. ಬೆಂಡು ಮೆಲ್ಲಗೆ ಮುಳುಗಿತು. ಆಗ ಎಳೆದೆ. ಅಂಗೈಯಗಲದ, ಬೆಳ್ಳಿ ಬಣ್ಣದ ಮೀನು!

ಅಂಕಲ್ ಅದನ್ನು ಬೊಗಸೆಯಲ್ಲಿ ಹಿಡಿದು ನೀರಿಗೆ ಬಿಟ್ಟರು. ಅದು ಮರೆಯಾಗುವವರೆಗೂ ನೋಡಿ, ನನ್ನ ಕಡೆ ತಿರುಗಿ ರಾಗ ಎಳೆದರು:

“ಹೋಯ್ತಲ್ಲಾ ಗುರೂ!”

ಥೇಟ್ ನನ್ನದೇ ದನಿ.