ಕಾಲಿಗೆ ಸಿಕ್ಕಿದ್ದು

ಕಳೆದ ವಾರ ಒಂದು ಸೀನು ಬಂತು. ಸೀನು ಮುಗಿಯಿತು, ನಾನು ಮಾತ್ರ ಬಗ್ಗಿದಲ್ಲೇ ಉಳಿದೆ. ಜೀವಮಾನವೆಲ್ಲ ಶಿರಸಿಯಲ್ಲಿ ಊರವರ ಬೆನ್ನು, ಮೊಣಕಾಲು, ಭುಜ ನೋಡಿ ನಿವೃತ್ತನಾದ ವೈದ್ಯ ನಾನು. ನನ್ನ ಸರದಿ ಬಂದಾಗ ಎಲ್ಲರ ಹಾಗೆ ಸೊಂಟ ಹಿಡಿದುಕೊಂಡು ಇಸಳೂರಿನಲ್ಲಿ ಹೊಸದಾಗಿ ಬಾಗಿಲು ತೆರೆದ ಎಳೆಯ ಡಾಕ್ಟರ ಬಳಿ ಹೋದೆ. ಹೋಗುವಾಗ ಒಂದು ಭಾಷಣ ತಯಾರು ಮಾಡಿಕೊಂಡಿದ್ದೆ. ಈಗಿನವರು ಯಂತ್ರ ನೋಡುತ್ತಾರೆ, ರೋಗಿಯನ್ನು ಮುಟ್ಟುವುದಿಲ್ಲ ಎಂದು ಶುರುವಾಗಿ ನಮ್ಮ ಕಾಲದ ಹೊಗಳಿಕೆಯಲ್ಲಿ ಮುಗಿಯುವಂಥದ್ದು. ಆತ ಅದಕ್ಕೆ ಎಡೆಯನ್ನೇ ಕೊಡಲಿಲ್ಲ. ಅಂಗಿ ತೆಗೆಸಿ, ಗೋಡೆಯ ಕಡೆ ತಿರುಗಿಸಿ ನಿಲ್ಲಿಸಿ, ಕತ್ತಿನ ಬುಡದಲ್ಲಿ ಹೆಬ್ಬೆರಳಿಟ್ಟು ಬೆನ್ನಿನ ಮಣಿಗಳನ್ನು ಒಂದೊಂದಾಗಿ ಒತ್ತುತ್ತ ಇಳಿಯತೊಡಗಿದ. ಹೆಬ್ಬೆರಳು ತಣ್ಣಗಿತ್ತು. ನನಗೆ ನೀಲವ್ವ ನೆನಪಾದಳು.

ನೀಲವ್ವನಿಗಿಂತ ಮೊದಲು ನನ್ನ ಎಡಗಾಲಿನ ಪರಿಚಯ ಮಾಡಿಕೊಡಬೇಕು. ನಾನು ಕಾಲು ಮುಂದಾಗಿ ಹುಟ್ಟಿದವನು. ಹಾಗೆ ಹುಟ್ಟಿದವರು ಉಳುಕಿದ ಬೆನ್ನಿಗೆ ಕಾಲು ತಾಗಿಸಿದರೆ ಉಳುಕು ಬಿಡುತ್ತದೆ ಎಂದು ನಮ್ಮ ಕಡೆ ನಂಬಿಕೆ. ಅದಕ್ಕೂ ಕ್ರಮವಿದೆ. ಭಾನುವಾರ ಇಲ್ಲವೇ ಬುಧವಾರವೇ ಆಗಬೇಕು, ಕಾಲಿನವನು ಏನೂ ತಿಂದಿರಬಾರದು, ನೋವಿನವರು ಹೊಸ್ತಿಲ ಪಕ್ಕ ಬೋರಲು ಮಲಗಬೇಕು, ಎಡಗಾಲನ್ನು ಮೂರು ಸಲ ತಾಗಿಸಬೇಕು, ಆಮೇಲೆ ಅವರು ಹಿಂದೆ ತಿರುಗಿ ನೋಡದೆ ಹೋಗಬೇಕು. ನಡೆಯಲು ಕಲಿತ ಲಾಗಾಯ್ತು ನಾನು ಹಿರಿಯರನ್ನು ಒದೆಯುತ್ತ ಬೆಳೆದೆ. ಸಿದ್ದಾಪುರದಿಂದ, ಯಲ್ಲಾಪುರದಿಂದ ಜನ ಬಸ್ಸು ಹತ್ತಿ ಒದೆಸಿಕೊಳ್ಳಲು ಬರುತ್ತಿದ್ದರು. ನಾನು ವೈದ್ಯಕೀಯ ಓದಲು ಹೊರಟದ್ದು ಲೋಕೋದ್ಧಾರಕ್ಕೆ ಎಂದು ಹಲವು ಸಭೆಗಳಲ್ಲಿ ಹೇಳಿದ್ದೇನೆ. ನಿಜವಾಗಿ ಹೊರಟದ್ದು ಬುಧವಾರ ಬೆಳಗ್ಗೆ ಹೊತ್ತಿಗೆ ಸರಿಯಾಗಿ ತಿಂಡಿ ತಿನ್ನುವುದಕ್ಕೆ.

ಅರವತ್ತರ ದಶಕ ಶುರುವಾದ ಹೊಸದರಲ್ಲಿ ಓದು ಮುಗಿಸಿ ಬಂದೆ. ಶವ ಕೊಯ್ಯುವ ಕೋಣೆಯಲ್ಲಿ ನನ್ನಷ್ಟು ಹೊತ್ತು ನಿಂತವರು ಇರಲಿಲ್ಲ; ಬೆನ್ನಿನ ಯಾವ ಸ್ನಾಯು ಯಾವ ಮೂಳೆಯಲ್ಲಿ ಹುಟ್ಟಿ ಯಾವ ಮೂಳೆಗೆ ಅಂಟಿದೆ ಎಂದು ನಿದ್ದೆಯಲ್ಲೂ ಒಪ್ಪಿಸುತ್ತಿದ್ದೆ. ಶಿರಸಿಯ ಬಾಡಿಗೆ ಕೋಣೆಯಲ್ಲಿ ಚರ್ಮ ಸುಲಿದ ಮನುಷ್ಯನ ಆಳೆತ್ತರದ ಪಟ ತೂಗುಹಾಕಿದೆ. ಮೆಣಸಿನ ವ್ಯಾಪಾರಿಯೊಬ್ಬರು ಅದನ್ನು ಬಹಳ ಹೊತ್ತು ನೋಡಿ, ಇವನಿಗೂ ನೀವೇ ಔಷಧಿ ಕೊಟ್ಟದ್ದೋ ಎಂದು ವಿಚಾರಿಸಿದರು. ಬಂದವರಲ್ಲಿ ಅರ್ಧ ಜನ ನನ್ನ ಮಾತು ಮುಗಿಯುವವರೆಗೆ ಮರ್ಯಾದೆಗೆ ಕಾದು, ಮೇಜಿನ ಕೆಳಗೆ ಕಣ್ಣು ಹಾಯಿಸಿ, ಕಾಲು ಯಾವಾಗ ಸಿಗುತ್ತದೆ ಎಂದು ಕೇಳುತ್ತಿದ್ದರು. ಅಷ್ಟು ವರ್ಷ ಓದಿದ ತಲೆಗಿಂತ ಏನೂ ಓದದ ಕಾಲಿಗೆ ಗಿರಾಕಿ ಹೆಚ್ಚು. ನಾನು ಸಿಟ್ಟಾಗಿ ಕಾಲಿಗೆ ಬೂಟು ಹಾಕತೊಡಗಿದೆ, ಸೆಕೆಗಾಲದಲ್ಲೂ.

ನೀಲವ್ವ ಬನವಾಸಿ ಕಡೆಯ ಒಕ್ಕಲು ಮನೆಯ ಸೊಸೆ, ಮೂವತ್ತರ ಒಳಗಿನವಳು. ಸಸಿ ನೆಡುವುದರಲ್ಲಿ ಅವಳ ಕೈಗೆ ಸಮನಿಲ್ಲ ಎಂದು ಜೊತೆಗೆ ಬಂದ ಅತ್ತೆಯೇ ಹೇಳಿದಳು. ಎರಡು ತಿಂಗಳಿಂದ ನಡುಬೆನ್ನು ನೋವು, ಸಂಜೆಯಾದರೆ ಮೈ ಬಿಸಿ. ಅವಳ ಪ್ರಶ್ನೆ ಒಂದೇ: ಮಳೆಗಾಲದ ನಟ್ಟಿಗೆ ಬಗ್ಗಲು ಆಗುತ್ತದೋ ಇಲ್ಲವೋ. ಆ ಮನೆಯಲ್ಲಿ ಅವಳ ಸ್ಥಾನ ನಿಂತದ್ದು ಆ ಬಗ್ಗುವಿಕೆಯ ಮೇಲೆಯೇ ಎಂದು ನನಗೆ ಹೊಳೆಯಲಿಲ್ಲ. ಹೆಂಗಸಿನ ಬೆನ್ನು, ಹಳ್ಳಿಯವಳು, ನಾಚಿಕೊಳ್ಳುತ್ತಾಳೆ ಎಂದು ನಾನೇ ತೀರ್ಮಾನಿಸಿದೆ. ಮೇಜಿನ ಈಚೆ ಕೂತು, ಕೋಲಿನಿಂದ ಪಟದ ಮೇಲೆ ಸ್ನಾಯು ತೋರಿಸಿ, ಇದು ದಣಿದಿದೆ ಎಂದೆ. ಹಚ್ಚಲು ಎಣ್ಣೆ ಕೊಟ್ಟೆ. ದಿನಾ ಬೆಳಗ್ಗೆ ನಿಂತು ಹತ್ತು ಸಲ ಬಗ್ಗಿ ಕಾಲ್ಬೆರಳು ಮುಟ್ಟು ಎಂದೂ ಹೇಳಿದೆ.

ತಿಂಗಳು ಬಿಟ್ಟು ಮತ್ತೆ ಬಂದಳು. ನೋವು ಜಾಸ್ತಿಯಾಗಿತ್ತು. ಹತ್ತು ಸಲ ಬಗ್ಗಿದೆಯಾ ಎಂದು ಗದರಿದೆ. ಬಗ್ಗಿದ್ದಳು. ಹಾಗಾದರೆ ಇಪ್ಪತ್ತು ಸಲ ಬಗ್ಗು ಎಂದೆ.

ಮೂರನೆಯ ಸಲ ಅತ್ತೆ ಸೊಸೆ ಕ್ಲಿನಿಕ್ಕಿಗೆ ಬರಲಿಲ್ಲ. ಬುಧವಾರ ಬೆಳಗ್ಗೆ ನೇರ ಮನೆಗೆ ಬಂದು ಅಂಗಳದಲ್ಲಿ ಕೂತರು. ನನಗೆ ಮೈ ಉರಿಯಿತು. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ, ಇಲ್ಲಿ ಗಿಡ ಬಿಟ್ಟು ಅದರ ಬೇರಿಗೇ ಪೂಜೆ. ಅಮ್ಮ ಒಳಗೆ ಬಂದು ಮೆಲ್ಲಗೆ ಹೇಳಿದಳು: "ತಮಾ, ನಿನ್ನ ಓದು ಹಾಂಗೇ ಇರ್ಲಿ. ಆ ಹೆಂಗಸು ಬೆಳಗ್ಗಿಂದ ಕಾಯ್ತಾ ಇದ್ದು. ಒಂದ್ಸಲ ಕಾಲು ತಾಗ್ಸು, ಎಂತದೂ ಸವೀತಿಲ್ಲೆ."

ಇವರ ಮೌಢ್ಯಕ್ಕೆ ಒಂದು ಪಾಠ ಆಗಲಿ, ಒದ್ದ ಮೇಲೆ ವಾಸಿಯಾಗದೆ ತಾವಾಗಿ ಬುದ್ಧಿ ಕಲಿಯಲಿ ಎಂದುಕೊಂಡು ಬೂಟು ಬಿಚ್ಚಿದೆ. ಕಾಲಿಗೆ ಬಲವನ್ನೂ ತುಂಬಿಕೊಂಡಿದ್ದೆ, ಸುಳ್ಳೇಕೆ. ನೀಲವ್ವ ಬೋರಲು ಮಲಗಿದಳು. ಅತ್ತೆ ಸೆರಗು ಸರಿಸಿದಳು. ಕ್ರಮದ ಪ್ರಕಾರ ಮೊದಲನೆಯದು ಬರೀ ಸ್ಪರ್ಶ. ಅಂಗಾಲು ಕುಪ್ಪಸದ ಮೇಲೆ ಇಟ್ಟೆ.

ಅಲ್ಲಿ ಒಂದು ಗಂಟಿತ್ತು. ಮಡಿಸಿದ ಬೆರಳಿನ ಗೆಣ್ಣಿನ ಹಾಗೆ ಒಂದು ಮಣಿ ಸಾಲಿನಿಂದ ಹೊರಗೆ ಎದ್ದು ನಿಂತಿತ್ತು.

ಮೊದಲ ವರ್ಷದ ವಿದ್ಯಾರ್ಥಿಯೂ ಹೇಳುವ ಸಂಗತಿ. ಕ್ಷಯ ಬೆನ್ನೆಲುಬಿಗೆ ಇಳಿದಾಗ ಮಣಿಯ ಮುಂಭಾಗವನ್ನು ತಿನ್ನುತ್ತದೆ. ಮಣಿ ಮುಂದಕ್ಕೆ ಕುಸಿಯುತ್ತದೆ, ಹಿಂದೆ ಹೀಗೆ ಗಂಟು ಏಳುತ್ತದೆ. ಅದರ ಒಳಗೇ ಕಾಲುಗಳಿಗೆ ಹೋಗುವ ನರಗಳ ಹುರಿ. ಒಂದು ಜೋರಾದ ಒದೆತ ಸಾಕು, ಅವಳು ಮತ್ತೆ ಏಳುತ್ತಿರಲಿಲ್ಲ. ಒದೆತವೂ ಬೇಡ, ದಿನಾ ಇಪ್ಪತ್ತು ಸಲ ಬಗ್ಗಿಸಿದರೂ ಸಾಕು.

ಕಾಲು ತೆಗೆದೆ. ಏಳಬೇಡ, ಅಲುಗಾಡಬೇಡ ಎಂದೆ. ಅತ್ತೆ ಇನ್ನೆರಡು ಬಾಕಿ ಇದೆಯೆಂದು ನೆನಪಿಸಿದಳು. ಬಾಗಿಲ ಹಲಗೆಯೊಂದನ್ನು ಕಳಚಿ, ಅದರ ಮೇಲೆ ಮಲಗಿಸಿ, ವ್ಯಾನು ಹಿಡಿದು ಹುಬ್ಬಳ್ಳಿಗೆ ಒಯ್ದೆವು. ಎಕ್ಸ್‌ರೇ ನನ್ನ ಅಂಗಾಲು ಹೇಳಿದ್ದನ್ನೇ ಹೇಳಿತು. ತಿಂಗಳುಗಟ್ಟಲೆ ಪ್ಲಾಸ್ಟರಿನ ಹಾಸಿಗೆ, ಸೂಜಿ, ಮಾತ್ರೆ. ಎರಡು ನಟ್ಟಿ ಅವಳಿಲ್ಲದೆ ಮುಗಿದವು.

ಊರಲ್ಲಿ ಕಾಲಿನ ಕೀರ್ತಿ ಮುಗಿಲು ಮುಟ್ಟಿತು. ಡಾಕ್ಟರ ಕೈಗೆ ಸಿಗದ ರೋಗ ಕಾಲಿಗೆ ಸಿಕ್ಕಿತು ಎಂದರು. ನಾನು ನಗುತ್ತಿದ್ದೆ. ತಿಳಿದವರ ಮುಂದೆ ಮಾತ್ರ, ಏನು ಮಾಡೋಣ, ನಮ್ಮ ಹೆಂಗಸರ ನಾಚಿಕೆ, ವೈದ್ಯನಿಗೆ ಬೆನ್ನು ತೋರಿಸುವುದಿಲ್ಲ ಎಂದು ಬೇಸರದ ಮುಖ ಮಾಡುತ್ತಿದ್ದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ.

ನೀಲವ್ವ ಒಂದು ಮಧ್ಯಾಹ್ನ ತನ್ನ ಕಾಲಲ್ಲೇ ನಡೆದು ಕ್ಲಿನಿಕ್ಕಿಗೆ ಬಂದಳು. ಬೆನ್ನ ಮೇಲೆ ಗಂಟು ಹಾಗೇ ಉಳಿದಿತ್ತು. ನಟ್ಟಿಗೆ ಇನ್ನು ಬಗ್ಗುವಂತಿಲ್ಲ ಎಂದು ಹುಬ್ಬಳ್ಳಿಯವರು ಹೇಳಿದ್ದರಂತೆ. ಅವಳ ಗಂಡನಿಗೆ ಇನ್ನೊಂದು ಹೆಣ್ಣು ನೋಡಿದ್ದರು, ಇವಳು ತವರಿನಲ್ಲಿದ್ದಳು. ಇದನ್ನೆಲ್ಲ ಸಂತೆಯ ಸುದ್ದಿಯಂತೆ ಹೇಳಿದಳು. ಆಮೇಲೆ ಗೋಡೆಯ ಪಟ ನೋಡುತ್ತ ಕೇಳಿದಳು: "ಕಾಲಿಗೆ ಸಿಕ್ಕಿದ್ದು ಕೈಗೆ ಯಾಕ ಸಿಗಲಿಲ್ರಿ, ಡಾಕ್ಟ್ರ?"

ನಾಚಿಕೆಯ ಮಾತು ನಾಲಿಗೆಯ ತುದಿಗೆ ಬಂದಿತ್ತು. ಹೇಳಿಯೂಬಿಟ್ಟೆ, ನೀನು ತೋರಿಸುತ್ತಿರಲಿಲ್ಲವಲ್ಲ ಎಂದು.

"ನೀವು ಕೇಳ್ಲೇ ಇಲ್ಲಲ್ರಿ. ಅತ್ತಿನ್ನ ಕರಕೊಂಡು ಬಂದಿದ್ದೇ ಅದಕ್ಕ."

ಅವಳು ಹೋದಳು. ಹಿಂದೆ ತಿರುಗಿ ನೋಡಲಿಲ್ಲ. ಮರುದಿನ ಪಟ ಇಳಿಸಿದೆ. ಕಾಲು ಯಾವಾಗ ಸಿಗುತ್ತದೆ ಎಂದು ಕೇಳಿದವರ ಮೇಲೆ ಆಮೇಲೆ ಸಿಟ್ಟಾಗಲಿಲ್ಲ. ಮೊದಲು ಕೈ, ಎಂದು ಬಗ್ಗಿಸಿ ಕೂರಿಸಿ ಪ್ರತಿಯೊಂದು ಮಣಿಯನ್ನೂ ಮುಟ್ಟಿದೆ. ಆದರೂ ಅವಳ ಬೆನ್ನು ಮತ್ತೆ ನೆಟ್ಟಗಾಗಲಿಲ್ಲ. ಆ ನಾಚಿಕೆ ಇವತ್ತಿಗೂ ನನ್ನದೇ.

ಇಸಳೂರಿನ ಎಳೆಯ ಡಾಕ್ಟರ ಹೆಬ್ಬೆರಳು ನಡುಬೆನ್ನಿನಲ್ಲಿ, ಸರಿಯಾಗಿ ನೀಲವ್ವನ ಗಂಟಿನ ಜಾಗದಲ್ಲಿ ನಿಂತಿತು. ಇಲ್ಲಿ ನೋವಿದೆಯಾ ಎಂದು ಕೇಳಿದ. ನನ್ನ ನೋವು ಅದಕ್ಕಿಂತ ನಾಲ್ಕು ಬೆರಳು ಕೆಳಗಿತ್ತು. ಭಾಷಣ ಪೂರ್ತಿ ಮರೆತುಹೋಗಿತ್ತು.

"ಅಲ್ಲಲ್ಲ, ಇನ್ನೂ ಕೆಳಗೆ," ಎಂದೆ. "ಆದರೆ ಅಲ್ಲಿಯೂ ಸರಿಯಾಗಿ ನೋಡು."