ಬಾಗಿಲು ಮುಚ್ಚಿದ ಎಪಿಸೋಡು

ತಾರ್ನಾಕದಲ್ಲಿ ನಾನು ಬಾಡಿಗೆಗಿದ್ದ ಕೋಣೆ ಮಹಡಿಯ ಮೇಲಿತ್ತು. ಕೆಳಗೆ ಮನೆಯವರು ಇರುತ್ತಿದ್ದರು. ಲಿಂಗಸೂರಿನ ಕಡೆಯಿಂದ ಬಂದು ಹೈದರಾಬಾದಿನಲ್ಲಿ ನೆಲೆ ನಿಂತು ಇಪ್ಪತ್ತು ವರ್ಷವಾಗಿದ್ದ ಕುಟುಂಬ ಅದು. ಗಂಡ, ಹೆಂಡತಿ, ಎಂಜಿನಿಯರಿಂಗ್ ಓದುತ್ತಿದ್ದ ಒಬ್ಬಳೇ ಮಗಳು. ಗಂಡಹೆಂಡತಿಯನ್ನು ನಾನು ಕಾಕಾ, ಕಾಕು ಎಂದು ಕರೆಯುತ್ತಿದ್ದೆ. ಹಾಗೆ ಕರೆಯಲು ಕಲಿಸಿದವರು ಅವರೇ. ಮೈಸೂರಿನವನಾದ ನನಗೆ ಅಲ್ಲಿಯವರೆಗೆ ಆ ಮಾತುಗಳ ಬಳಕೆ ಇರಲಿಲ್ಲ.

ಕಾಕಾ ಪಟಾನ್‌ಚೆರುವಿನ ಒಂದು ಔಷಧಿ ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಬೆಳಿಗ್ಗೆ ಆರಕ್ಕೆ ಊಟದ ಡಬ್ಬಿ ಹಿಡಿದು ಕಂಪನಿ ಬಸ್ಸಿಗೆ ನಿಲ್ಲುತ್ತಿದ್ದರು. ಮಾತು ಕಡಿಮೆ. ಕಾಕು ಅದಕ್ಕೆ ತದ್ವಿರುದ್ಧ. ನಾನು ಹೋದ ಮೊದಲ ವಾರವೇ ಹಾಲ್‌ನಲ್ಲಿ ತೂಗುಹಾಕಿದ್ದ ಒಬ್ಬ ಯುವಕನ ಫೋಟೋ ನೋಡಿ ಯಾರು ಎಂದು ಕೇಳಿದ್ದೆ.

"ನನ್ನ ತಮ್ಮ," ಎಂದರು. "ಇವರ ಫ್ಯಾಕ್ಟರಿಯಾಗ ಇದ್ದ. ಇವರೇ ನೌಕರಿಗೆ ಹಚ್ಚಿದ್ರು. ಗ್ಯಾಸ್ ಸೋರಿ, ಬಾಗಿಲಾ ತಾನ ಮುಚ್ಚಿಕೊಂಡು ಒಳಗ ಸಿಕ್ಕೊಂಡ. ನಾಕ್ ವರ್ಷ ಆತು." ಹೇಳಿ ಫೋಟೋದ ಗಾಜನ್ನು ಸೆರಗಿನಿಂದ ಒರೆಸಿದರು.

ನಾನು ಮಾದಾಪುರದ ಕಡೆ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಟೆಸ್ಟಿಂಗ್ ಕೆಲಸಕ್ಕಿದ್ದೆ. ಆ ವರ್ಷಗಳಲ್ಲಿ ಕಂಪನಿಗಳು ಹುಡುಗರನ್ನು ಹಿಂಡು ಹಿಂಡಾಗಿ ತೆಗೆದುಕೊಳ್ಳುತ್ತಿದ್ದವು. ಎಲ್ಲಿ ನೋಡಿದರೂ ಗಾಜಿನ ಕಟ್ಟಡ ಏಳುತ್ತಿತ್ತು, ರಸ್ತೆ ಅಗೆದಿತ್ತು. ಹೋಗಿ ಬರುವುದಕ್ಕೇ ಮೂರು ಗಂಟೆ ಕ್ಯಾಬಿನಲ್ಲಿ ಕೂರಬೇಕಿತ್ತು. ಊರಲ್ಲಿ ಗೆಳೆಯರೆಂದು ಯಾರೂ ಇರಲಿಲ್ಲ. ಇದ್ದದ್ದು ಒಂದು ಇಂಗ್ಲಿಷ್ ಸೀರಿಯಲ್ಲು ಮತ್ತು ಅದರ ಅಭಿಮಾನಿಗಳು ಸೇರುತ್ತಿದ್ದ ಇಂಟರ್ನೆಟ್ಟಿನ ಒಂದು ಫೋರಂ.

ಸೀರಿಯಲ್ಲಿನ ಕಥೆ ಆಕಾಶದಲ್ಲಿ ನಡೆಯುವಂಥದ್ದು. ಇರಲು ನೆಲ ಹುಡುಕುತ್ತ ಹೊರಟ ಒಂದು ದೊಡ್ಡ ಹಡಗು, ಅದರಲ್ಲೇ ಹುಟ್ಟಿ ಅದರಲ್ಲೇ ಸಾಯುವ ಜನ. ಹಡಗಿನ ತಳದಲ್ಲಿ ಪಂಪುಗಳನ್ನು ನೋಡಿಕೊಳ್ಳುವ ಒಬ್ಬ ಮುದುಕನಿದ್ದ. ಸದಾ ಗೊಣಗುತ್ತಿದ್ದ, ಎಲ್ಲರಿಗೂ ಬೇಕಾದವನು. ಆಫೀಸಿನಲ್ಲಿ ಪಕ್ಕದ ಸೀಟಿನವನು ವಾರಕ್ಕೊಂದು ಎಪಿಸೋಡನ್ನು ಸಿಡಿಗೆ ಹಾಕಿ ಕೊಡುತ್ತಿದ್ದ. ಭಾನುವಾರ ಬೆಳಿಗ್ಗೆ ನಾನು ಕೋಣೆಯಲ್ಲಿ ಅದನ್ನು ನೋಡುತ್ತಿದ್ದೆ.

ಒಂದು ಭಾನುವಾರ ಟೆರೇಸಿನಲ್ಲಿ ಮೆಣಸಿನಕಾಯಿ ಒಣಹಾಕಲು ಬಂದ ಕಾಕು ಬಾಗಿಲಲ್ಲಿ ನಿಂತು, "ಆ ಮುದುಕ ಏನ್ ಅನ್ನಾಕತ್ತಾನೋ ತಮ್ಮಾ?" ಎಂದು ಕೇಳಿದರು. ಹೇಳಿದೆ. ನಕ್ಕರು. ಮುಂದಿನ ವಾರ ಮಗಳನ್ನೂ ಕರೆದುಕೊಂಡು ಬಂದರು. ಅಂದಿನಿಂದ ಸುಮಾರು ಎರಡು ವರ್ಷ, ನಾನು ಒಂದೊಂದೇ ಮಾತನ್ನು ಕನ್ನಡದಲ್ಲಿ ಹೇಳುತ್ತ ಹೋಗುವುದು, ಅವರು ಮಂಚದ ಮೇಲೆ ಕೂತು ಕೇಳುವುದು ರೂಢಿಯಾಯಿತು. ಹಡಗಿನವರು ಕೆಟ್ಟದಾಗಿ ಬೈದಲ್ಲಿ ನಾನು "ಸಿಟ್ಟು ಮಾಡಿಕೊಂಡಿದ್ದಾನೆ" ಎನ್ನುತ್ತಿದ್ದೆ. ಮಗಳು ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಅವಳಿಗೆ ಫೋರಮ್ಮಿನ ವಿಳಾಸ ಬರೆದುಕೊಟ್ಟವನೂ ನಾನೇ. ಕಾಲೇಜಿನ ಲ್ಯಾಬಿನಲ್ಲಿ ಕೂತು ಓದುತ್ತಿದ್ದಳು. ಕಾಕಾ ಮಾತ್ರ ಒಮ್ಮೆಯೂ ಮೇಲೆ ಬಂದವರಲ್ಲ.

ಬಾಗಿಲು ಮುಚ್ಚುವ ಆ ಎಪಿಸೋಡಿನ ದಿನ ಬಂದರು. ಸಿಲಿಂಡರ್ ತಂದವನು ಕೆಳಗೆ ಕಾಯುತ್ತಿದ್ದಾನೆಂದು ಕಾಕುವನ್ನು ಕರೆಯಲು ಬಂದವರು ಹೊಸ್ತಿಲಲ್ಲೇ ನಿಂತುಬಿಟ್ಟರು.

ಪರದೆಯ ಮೇಲೆ ಒಂದು ಪೈಪು ಒಡೆದು ವಿಷದ ಹೊಗೆ ತುಂಬುತ್ತಿತ್ತು. ಮುದುಕ ಮಗಳಂತೆ ಸಾಕಿ ಕೆಲಸ ಕಲಿಸಿದ್ದ ಹುಡುಗಿ ಅದನ್ನು ನಿಲ್ಲಿಸಲು ಒಳಗೆ ಓಡಿದಳು. ಹೊಗೆ ಹಡಗಿಗೆಲ್ಲ ಹರಡುವ ಹಾಗಾದಾಗ ಮುದುಕ ಬಾಗಿಲು ಹಾಕಿಬಿಟ್ಟ. ಅವಳು ಒಳಗಿನಿಂದ ಬಡಿದಳು. ಆಮೇಲೆ ಗಾಜಿಗೆ ಅಂಗೈ ಹಚ್ಚಿ, ನಿನ್ನ ತಪ್ಪಲ್ಲ, ನಾನು ನಿನ್ನನ್ನು ಕ್ಷಮಿಸಿದ್ದೇನೆ ಎಂದು ತುಂಬ ಹೊತ್ತು ಮಾತಾಡಿದಳು. ಪಿಟೀಲು ನುಡಿಯಿತು. ಅಲ್ಲಿಗೆ ಮುಗಿಯಿತು.

ಕಾಕು ಕಣ್ಣೊರೆಸಿಕೊಂಡರು. "ಆ ಮುದುಕ ಹಂಗ ಮಾಡಾಂವ ಅಲ್ಲ. ಬರದಾಂವಗ ತಲಿ ಇಲ್ಲ," ಎಂದರು. ಗಂಡನನ್ನು ನೋಡಿ, "ಯಾಕ ಬಂದ್ರಿ?" ಎಂದರು. ಕಾಕಾ ಟೆರೇಸಿನ ಕಡೆ ನಡೆದರು. ಕೆಳಗಿನಿಂದ ಸಿಲಿಂಡರಿನವನು ಕೂಗಿದ ಮೇಲೆ ತಾಯಿ ಮಗಳು ಇಳಿದು ಹೋದರು.

ನಾನು ಹೊರಗೆ ಬಂದಾಗ ಕಾಕಾ ನೀರಿನ ಟ್ಯಾಂಕಿಗೆ ಒರಗಿ ನಿಂತಿದ್ದರು.

"ಅದು ಸುಳ್ಳೈತಿ ತಮ್ಮಾ," ಎಂದರು.

"ಹೌದು ಕಾಕಾ. ಆ ಮುದುಕನ ಸ್ವಭಾವಕ್ಕೆ ಅದು ಹೊಂದೋದೇ ಇಲ್ಲ."

"ಬಾಗಿಲಾ ಹಾಕಿದ್ದು ಖರೇ ಐತಿ. ಆ ಹುಡುಗಿ ಮಾತಾಡಿದ್ದು ಸುಳ್ಳು. ಒಳಗಿದ್ದಾವ್ರು ಮಾತಾಡಂಗಿಲ್ಲ. ಬರೇ ಬಡೀತಾರ."

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅವರು ನನ್ನ ಮುಖ ನೋಡದೆ, ರಸ್ತೆಯ ಕಡೆ ನೋಡುತ್ತ ಹೇಳಿದರು.

"ಬಾಗಿಲಾ ತಾನ ಮುಚ್ಚಲಿಲ್ಲ. ನಾ ಹಾಕಿದೆ. ಅಂವಾ ವಾಲ್ವ್ ತಿರುವಾಕ ಒಳಗ ಹೋಗಿದ್ದ. ಈ ಕಡೆ ಬಾಯ್ಲರ್ ಇತ್ತು, ಹದಿನೆಂಟು ಮಂದಿ ಇದ್ರು. ಇನ್ನೊಂದು ನಿಮಿಷ ತಡೀಬಹುದಿತ್ತೋ ಏನೋ. ತಡೀಲಿಲ್ಲ."

"ಆಮೇಲೆ?" ಎಂದೆ. ಕೇಳಬಾರದಿತ್ತು.

"ಆಮ್ಯಾಲ ಕೈ ತೊಳ್ಕೊಂಡೆ. ಸಾಬಾಣ ಹಚ್ಚಿ ಎರಡು ಸಲ. ಯಾಕ ತೊಳ್ಕೊಂಡೆ ಅಂತ ಇವತ್ತಿನ ತನಕ ಗೊತ್ತಾಗಿಲ್ಲ. ಸ್ಪ್ರಿಂಗ್ ಬಾಗಿಲಾ, ತಾನ ಮುಚ್ಚೇತಿ ಅಂತ ಸಾಹೇಬ್ರು ಬರಕೊಂಡ್ರು. ನಾ ಸಹಿ ಮಾಡಿದೆ." ಆಗ ನನ್ನ ಕಡೆ ತಿರುಗಿ, "ನಿಮ್ಮ ಕಾಕುಗ ಗೊತ್ತಿಲ್ಲ. ಹೇಳಬ್ಯಾಡ," ಎಂದರು.

"ಇಲ್ಲ ಕಾಕಾ," ಎಂದೆ. ಆ ಗಳಿಗೆಯಲ್ಲಿ ಅದು ಪ್ರಾಮಾಣಿಕವಾಗಿಯೇ ಬಂದ ಮಾತು.

ಮರುದಿನ ಆಫೀಸಿನಲ್ಲಿ ಫೋರಂ ತೆರೆದರೆ ಬೆಂಕಿ ಬಿದ್ದಂತಿತ್ತು. ಎಲ್ಲೆಲ್ಲಿಯ ದೇಶದವರೋ ಬರೆದಿದ್ದರು. ಬರಹಗಾರರು ಮುದುಕನಿಗೆ ದ್ರೋಹ ಮಾಡಿದ್ದಾರೆ, ಅವನು ಬಾಗಿಲು ಹಾಕುವವನಲ್ಲ, ಸತ್ತರೂ ಒಳಗೆ ನುಗ್ಗುವವನು ಎಂದು ಒಬ್ಬ. ಇನ್ನು ಮುಂದೆ ನೋಡುವುದಿಲ್ಲ ಎಂದು ಇನ್ನೊಬ್ಬಳು. ಎಪಿಸೋಡನ್ನು ಹಿಂದಕ್ಕೆ ತೆಗೆದುಕೊಳ್ಳಿ ಎಂದು ಸಹಿ ಸಂಗ್ರಹ ಬೇರೆ ಶುರುವಾಗಿತ್ತು. ಮನುಷ್ಯ ಹೀಗೆ ಮಾಡಬಲ್ಲ ಎಂದು ನಾನು ಒಂದು ಸಾಲು ಬರೆದೆ. ನನಗಿಂತ ಹಳಬನೊಬ್ಬ, ಎಲ್ಲರೂ ಗೌರವಿಸುತ್ತಿದ್ದವನು, "ನಿನಗೆ ಜೀವನದ ಅನುಭವ ಕಡಿಮೆ" ಎಂಬರ್ಥದಲ್ಲಿ ಉತ್ತರಿಸಿದ. ಹತ್ತಾರು ಜನ ಅದಕ್ಕೆ ನಕ್ಕರು.

ಅದೊಂದು ನನ್ನನ್ನು ಚುಚ್ಚಿತು. ಊಟ ಬಿಟ್ಟು ಕೂತು ಬರೆದೆ. ನಮ್ಮ ಮನೆ ಮಾಲೀಕರು ಔಷಧಿ ಕಾರ್ಖಾನೆಯಲ್ಲಿದ್ದಾರೆ ಎಂದು ಶುರು ಮಾಡಿ, ಬಾಗಿಲು, ಬಾಯ್ಲರ್, ಹದಿನೆಂಟು ಜನ, ಎರಡು ಸಲ ಸಾಬೂನು, ಎಲ್ಲವನ್ನೂ ಬರೆದೆ. ಒಳಗಿದ್ದವನು ಅವರ ಹೆಂಡತಿಯ ತಮ್ಮ, ಹೆಂಡತಿಗೆ ಇದು ಗೊತ್ತಿಲ್ಲ ಎಂದೂ ಬರೆದೆ. ಹೆಸರು ಹಾಕಿರಲಿಲ್ಲ. ಇಂಗ್ಲಿಷಿನಲ್ಲಿ ಬರೆದದ್ದು ತಾರ್ನಾಕದ ಆ ಮನೆಗೆ ಹೇಗೆ ತಲುಪೀತು ಎಂದುಕೊಂಡೆ. ಫೋರಮ್ಮಿನ ವಿಳಾಸವನ್ನು ಆ ಮನೆಯ ಹುಡುಗಿಗೆ ಕೊಟ್ಟವನು ನಾನೇ ಎಂಬುದು ಆಗ ನೆನಪಿಗೆ ಬರಲಿಲ್ಲ. ನೆನಪಿದ್ದೂ ಬರೆದೆನೋ ಏನೋ, ಇಷ್ಟು ವರ್ಷವಾದ ಮೇಲೆ ಖಚಿತವಾಗಿ ಹೇಳಲಾರೆ.

ಸಂಜೆಯ ಹೊತ್ತಿಗೆ ಫೋರಂ ತಿರುಗಿ ಬಿದ್ದಿತ್ತು. ಆ ಹಳಬ ಎಲ್ಲರ ಮುಂದೆ ನನ್ನ ಕ್ಷಮೆ ಕೇಳಿದ. ಓದಿ ಅತ್ತೆವು ಎಂದು ಎಷ್ಟೋ ಜನ ಬರೆದರು. ಈ ಫೋರಮ್ಮಿನಲ್ಲಿ ಇದುವರೆಗೆ ಬಂದ ಅತ್ಯುತ್ತಮ ಪ್ರತಿಕ್ರಿಯೆ ಇದೇ ಎಂದು ಅದನ್ನು ಎಲ್ಲಕ್ಕಿಂತ ಮೇಲೆ ಇಟ್ಟರು. ಕ್ಯಾಬಿನಲ್ಲಿ ಬರುವಾಗ ಅವರ ಮಾತುಗಳನ್ನು ಮನಸ್ಸಿನಲ್ಲೇ ಮತ್ತೆ ಮತ್ತೆ ಓದಿಕೊಂಡೆ. ಅಷ್ಟು ಸಂತೋಷ ನನಗೆ ಆ ಊರಿನಲ್ಲಿ ಇನ್ಯಾವತ್ತೂ ಆಗಿರಲಿಲ್ಲ.

ಗುರುವಾರ ಸಂಜೆ ಮಗಳು ಮೆಟ್ಟಿಲ ಮೇಲೆ ಕಾಯುತ್ತ ಕೂತಿದ್ದಳು. ಕೈಯಲ್ಲಿ ಪ್ರಿಂಟು ತೆಗೆದು ಮಡಚಿದ ಒಂದು ಕಾಗದ.

"ಅಣ್ಣಾ, ಇದು ನೀವು ಬರದದ್ದು?"

ಸುಳ್ಳು ಹೇಳಬಹುದಿತ್ತು. ಕಥೆ ಕಟ್ಟಿದೆ ಎಂದಿದ್ದರೆ ಅವಳು ನಂಬಲೂಬಹುದಿತ್ತು. ನಾನು ತಲೆ ತಗ್ಗಿಸಿದೆ.

"ಅವ್ವಗ ಹೇಳಂಗಿಲ್ಲ ನಾನು," ಎಂದು ಅವಳು ಎದ್ದು ಹೋದಳು.

ಅವಳು ಹೇಳಲಿಲ್ಲ. ಆದರೆ ಅಂದಿನಿಂದ ಅಪ್ಪನ ಜೊತೆ ಊಟಕ್ಕೆ ಕೂರುವುದನ್ನು ಬಿಟ್ಟಳು. ಅವರು ಏನಾದರೂ ಕೇಳಿದರೆ ಗೋಡೆ ನೋಡಿ ಉತ್ತರ ಕೊಡುತ್ತಿದ್ದಳಂತೆ. ತಾಯಿ ಹತ್ತು ದಿನ ನೋಡಿದರು. ಕಾಲೇಜಿನಲ್ಲಿ ಯಾರನ್ನೋ ಹಚ್ಚಿಕೊಂಡಿದ್ದಾಳೆಂದು ಅನುಮಾನಪಟ್ಟು ಪುಸ್ತಕಗಳನ್ನೆಲ್ಲ ತಡಕಿದರು. ಆ ಕಾಗದ ಸಿಕ್ಕಿತು. ಓದಲು ಬರಲಿಲ್ಲ. ಏನಿದು ಎಂದು ಕೇಳಿದಾಗ ಮಗಳು ಅತ್ತುಬಿಟ್ಟಳು, ಮೇಲಿನ ಅಣ್ಣ ಬರೆದದ್ದು ಎಂದಷ್ಟೇ ಹೇಳಿದಳು.

ಆ ಸಂಜೆ ನನ್ನನ್ನು ಕೆಳಗೆ ಕರೆಸಿದರು. ಕಾಕಾ ಆಗಷ್ಟೇ ಬಂದು ಬೂಟು ಬಿಚ್ಚುತ್ತ ಕುರ್ಚಿಯಲ್ಲಿ ಕೂತಿದ್ದರು. ಮಗಳು ಅಡುಗೆಮನೆಯ ಬಾಗಿಲಲ್ಲಿ. ಕಾಕು ನೆಲದ ಮೇಲೆ ಕೂತು ಕಾಗದವನ್ನು ನನ್ನ ಕೈಗೆ ಕೊಟ್ಟರು.

"ನೀವು ಬರದದ್ದಂತಲ್ಲ. ಕನ್ನಡದಾಗ ಹೇಳ್ರಿ."

ಎರಡು ವರ್ಷದಲ್ಲಿ ಅವರು ನನಗೆ ನೀವು ಎಂದದ್ದು ಅದೇ ಮೊದಲು.

ನಾನು ಕಾಕಾನ ಕಡೆ ನೋಡಿದೆ. ಅವರಿಗೂ ಇಂಗ್ಲಿಷ್ ಅಷ್ಟಕ್ಕಷ್ಟೇ. ಆದರೆ ಕಾಗದ ನನ್ನ ಕೈ ಸೇರಿದ ರೀತಿ ನೋಡಿಯೇ ತಿಳಿದುಕೊಂಡರೆಂದು ಕಾಣುತ್ತದೆ. ಒಂದು ಬೂಟು ಕಾಲಲ್ಲಿ, ಇನ್ನೊಂದು ಕೈಯಲ್ಲಿ ಹಾಗೆಯೇ ಉಳಿಯಿತು. "ಓದೋ ತಮ್ಮಾ," ಎಂದರು ಮೆಲ್ಲಗೆ.

ಬದಲಿಸಿ ಹೇಳೋಣವೆಂದರೆ ಇಂಗ್ಲಿಷ್ ಬಲ್ಲ ಹುಡುಗಿ ಎದುರಿಗೇ ನಿಂತಿದ್ದಳು. ಹೇಳಿದೆ. ಇಂಗ್ಲಿಷಿನಲ್ಲಿ ಅಷ್ಟು ಚೆನ್ನಾಗಿ ಕಂಡಿದ್ದ ಸಾಲುಗಳು ಕನ್ನಡಕ್ಕೆ ಬರುವಾಗ ನಾಚಿಕೆಗೆಟ್ಟವಾಗಿದ್ದವು. ಕಾಕಾ ಒಂದು ಮಾತಿನಲ್ಲಿ ಹೇಳಿದ್ದನ್ನು ನಾನು ಹಿಗ್ಗಿಸಿದ್ದೆ. ಅವರು ಹೇಳಿರದ ಬೆವರು, ನಡುಕ, ಕಣ್ಣೀರು ಎಲ್ಲ ಸೇರಿಸಿದ್ದೆ. ಹೆಂಡತಿಗೆ ಗೊತ್ತಿಲ್ಲ ಎಂಬ ಸಾಲಿಗೆ ಬಂದಾಗ ನಿಲ್ಲಿಸಿದೆ. ಕಾಕು ಕಾದರು. ಅದನ್ನೂ ಹೇಳಿದೆ.

ಅವರು ಕೂಗಾಡಲಿಲ್ಲ. ಗಂಡನಿಗೆ ಒಂದೇ ಮಾತು ಕೇಳಿದರು.

"ಎಷ್ಟೊತ್ತು ಬಡದ ಅಂವಾ?"

ಕಾಕಾ ಕೈಯಲ್ಲಿದ್ದ ಬೂಟನ್ನು ನೆಲಕ್ಕಿಟ್ಟರು. "ಗಡಿಯಾರ ನೋಡಲಿಲ್ಲ," ಎಂದರು.

ಕಾಕು ಎದ್ದು ಅಡುಗೆಮನೆಗೆ ಹೋದರು. ಅಕ್ಕಿ ತೊಳೆಯುವ ಸದ್ದು ಕೇಳಿಸಿತು. ನಾನು ಮೆಟ್ಟಿಲು ಹತ್ತುವಾಗ ಅಲ್ಲಿಂದಲೇ, "ಬ್ಯಾರೆ ಕಡೆ ಖೋಲಿ ನೋಡ್ಕೋರಿ," ಎಂದರು.

ವಾರದೊಳಗೆ ಉಪ್ಪಲ್‌ನಲ್ಲಿ ಕೋಣೆ ಸಿಕ್ಕಿತು. ಹೊರಡುವ ದಿನ ಕಾಕಾ ಕಂಪ್ಯೂಟರಿನ ಭಾರದ ಮಾನಿಟರನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಮೆಟ್ಟಿಲಿಳಿದು ಆಟೋದಲ್ಲಿಟ್ಟರು. ಬೇಡವೆಂದರೂ ಕೇಳಲಿಲ್ಲ. ನಾನು ತಪ್ಪಾಯಿತೆಂದು ಹೇಳಲು ಬಾಯಿ ತೆರೆದೆ. "ನಿಧಾನ ಹೋಗಂತ ಹೇಳು, ಗಾಜೈತಿ," ಎಂದು ಅವರು ಒಳಗೆ ಹೋದರು.

ಬರೆದದ್ದನ್ನು ಫೋರಮ್ಮಿನಿಂದ ಅಳಿಸಿದೆ. ಆದರೆ ಉತ್ತರ ಬರೆದವರೆಲ್ಲ ನನ್ನ ಸಾಲುಗಳನ್ನು ಎತ್ತಿ ತಮ್ಮ ಉತ್ತರದ ತಲೆಯ ಮೇಲೆ ಇಟ್ಟುಕೊಂಡಿದ್ದರು. ಅವನ್ನು ಅಳಿಸುವುದು ನನ್ನ ಕೈಯಲ್ಲಿರಲಿಲ್ಲ. ತೆಗೆಯಿರಿ ಎಂದು ಕೆಲವರಿಗೆ ಬರೆದುಕೊಂಡೆ. ಇಷ್ಟು ಒಳ್ಳೆಯದನ್ನು ಯಾಕೆ ತೆಗೆಯಬೇಕು ಎಂದು ಕೇಳಿದರು. ಒಬ್ಬಳು, ಹೊಸ ಎಪಿಸೋಡನ್ನು ನಿನ್ನ ಮನೆ ಮಾಲೀಕರಿಗೆ ತೋರಿಸಿದೆಯಾ, ಅವರೇನಂದರು ಎಂದು ಕೇಳಿದ್ದಳು. ನಾನು ಮತ್ತೆ ಆ ಸೀರಿಯಲ್ಲು ನೋಡಲಿಲ್ಲ.

ಕೆಲವು ತಿಂಗಳ ಮೇಲೆ ಮಗಳು ಒಂದು ಸಲ ಫೋನ್ ಮಾಡಿದಳು. ಕ್ಯಾಂಪಸ್ಸಿನಲ್ಲಿ ಅವಳಿಗೂ ಸಾಫ್ಟ್‌ವೇರ್ ಕೆಲಸ ಸಿಕ್ಕಿತ್ತು, ಚೆನ್ನೈಗೆ ಹೊರಟಿದ್ದಳು. ಮನೆಯ ವಿಷಯ ಕೇಳಿದೆ.

"ಅವ್ವ ಅಪ್ಪನ ಕೂಡ ಮಾತಾಡಂಗಿಲ್ಲ. ಡಬ್ಬಿ ಕಟ್ಟಿ ಇಡತಾಳ, ಅಷ್ಟ. ನಾ ಹೋದ ಮ್ಯಾಲ ಇಬ್ರ ಇರತಾರ ಆ ಮನ್ಯಾಗ." ಆಮೇಲೆ ಹೇಳಿದಳು, "ಆ ಹುಡುಗ ಬರದದ್ದ ಚಲೋ ಆತು, ನನಗ ಹಗುರಾತು ಅಂತಾನ ಅಪ್ಪ. ನೀವು ನಂಬಬ್ಯಾಡ್ರಿ ಅಣ್ಣಾ. ಅಪ್ಪ ಸುಳ್ಳು ಹೇಳಾಕತ್ತಾನ."

ಮುಂದಿನ ಬೇಸಿಗೆಯಲ್ಲಿ ನನಗೆ ಕೆಲವು ವಾರ ಬೆಳಗಿನ ಪಾಳಿ ಬಿತ್ತು. ಒಂದು ಬೆಳಿಗ್ಗೆ ಉಪ್ಪಲ್‌ನಿಂದ ಬರುವ ಕ್ಯಾಬು ತಾರ್ನಾಕದ ಸಿಗ್ನಲ್ಲಿನಲ್ಲಿ ನಿಂತಿತ್ತು. ಎಡಗಡೆ, ಕೈಗೆ ಸಿಗುವಷ್ಟು ಹತ್ತಿರದಲ್ಲಿ, ಕಾಕಾ ಕಂಪನಿ ಬಸ್ಸಿಗೆ ಕಾಯುತ್ತಿದ್ದರು. ಅಂಗಿ ಸಡಿಲವಾಗುವಷ್ಟು ಇಳಿದುಹೋಗಿದ್ದರು. ಗಾಜು ಇಳಿಸಿದರೆ ಸಾಕಿತ್ತು, ಕರೆಯಬಹುದಿತ್ತು. ನಾನು ಮೊಬೈಲು ತೆಗೆದು ಹಳೆಯ ಮೆಸೇಜುಗಳನ್ನು ನೋಡುತ್ತ ಕೂತೆ. ಹಸಿರು ದೀಪ ಬಿದ್ದು ಕ್ಯಾಬು ಹೊರಡುವವರೆಗೆ ತಲೆ ಎತ್ತಲಿಲ್ಲ.