ನಾನು ಬಚ್ಚಿಟ್ಟ ವಚನಗಳು

ಸಂಶಯ ನನ್ನ ಹುಟ್ಟುಗುಣ. ಹಾಲು ಈಗಷ್ಟೇ ಬಂದದ್ದು ಎಂದು ಅಂಗಡಿಯವನು ಆಣೆ ಮಾಡಿದರೂ ಮೂಸಿ ನೋಡುವವಳು ನಾನು. ಆದರೆ ಹೆತ್ತ ಮಗಳ ನಂಬಿಕೆಯನ್ನೂ ಹಾಗೆ ಮೂಸಿ ನೋಡುತ್ತೇನೆಂದು ಎಣಿಸಿರಲಿಲ್ಲ.

ಗಂಡನಿಗೆ ಭೋಸರಿಯ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿದ್ದರಿಂದ ಧಾರವಾಡ ಬಿಟ್ಟು ಪುಣೆಗೆ ಬಂದ ಕ್ರೈಸ್ತರು ನಾವು. ಮಗಳಿಗೆ ಹದಿನೈದು. ಈ ಈಸ್ಟರ್‌ಗೆ ಅವಳ ದೃಢೀಕರಣ. ಸಭೆಯ ಮುಂದೆ ನಿಂತು 'ನಾನು ನಂಬುತ್ತೇನೆ' ಎಂದು ಸ್ವಂತ ಬಾಯಿಂದ ಹೇಳಬೇಕು. ಅದಕ್ಕೆ ಮೊದಲು, ಮಗು ಸಿದ್ಧವಾಗಿದೆ ಎಂದು ಹೆತ್ತವರು ಚರ್ಚಿನ ಕಾಗದಕ್ಕೆ ಸಹಿ ಹಾಕಿಕೊಡಬೇಕು. ಕಾಗದ ಬಂದ ದಿನವೇ ಗಂಡ ಹಾಕಿದ್ದರು. ನನಗೆ ಮೂರು ವಾರವಾದರೂ ಕೈ ಏಳಲಿಲ್ಲ.

ಕಾರಣ ಇತ್ತು. ಹೊಸ ವರ್ಷದ ದಿನ ಚರ್ಚಿನಿಂದ ಬಂದ ಮೇಲೆ ನಮ್ಮ ಮನೆಯಲ್ಲಿ ಎಲ್ಲರೂ ಕಣ್ಣು ಮುಚ್ಚಿ ಒಂದು ಡಬ್ಬಿಯಿಂದ ಒಂದೊಂದು ಚೀಟಿ ಎತ್ತುತ್ತೇವೆ. ಅದರಲ್ಲಿರುವ ಬೈಬಲ್ ವಚನವೇ ಆ ವರ್ಷಕ್ಕೆ ದೇವರು ಕೊಟ್ಟ ವಾಗ್ದಾನ. ಈ ಸಲ ಮಗಳು ಡಬ್ಬಿಗೆ ಕೈ ಹಾಕಿದ್ದು ನಿಜ. ಆದರೆ ಚೀಟಿ ಬಂದದ್ದು ಅವಳ ಕುರ್ತಾದ ತೋಳಿನೊಳಗಿಂದ. ಗಟ್ಟಿಯಾಗಿ ಓದು ಎಂದರೆ "ಆಮ್ಯಾಲ ಓದ್ತೀನಿ" ಅಂದಳು. ನನ್ನ ಕಣ್ಣಿಗೆ ಮಣ್ಣೆರಚುವುದು ಅಷ್ಟು ಸುಲಭವಲ್ಲ.

ಅಲ್ಲಿಂದ ಅವಳ ಪ್ರಾರ್ಥನೆಯೆಲ್ಲ ನಾಟಕದಂತೆ ಕಾಣತೊಡಗಿತು. ದೃಢೀಕರಣದ ಕ್ಲಾಸಿಗೆ ಹೋಗುತ್ತಾಳೋ, ಗೆಳತಿಯರ ಜೊತೆ ವಿಮಾನ ನಗರದ ಮಾಲ್‌ಗೆ ಹೋಗುತ್ತಾಳೋ? ಒಂದು ಭಾನುವಾರ ಕ್ಲಾಸಿನ ಬಾಗಿಲ ಹೊರಗೆ ಅವಳ ಚಪ್ಪಲಿ ಹುಡುಕಿದೆ. ಇದ್ದವು. ಬೇರೆಯವರ ಚಪ್ಪಲಿ ಮೆಟ್ಟಿಕೊಂಡು ಹೋಗಿರಬಹುದಲ್ಲ ಎಂದುಕೊಂಡು ಮನೆಗೆ ಬಂದೆ.

ಕೊನೆಗೆ ಅವಳೇ ಕೇಳಿದಳು. "ಮಮ್ಮಿ, ಸಹಿ ಯಾಕ ಹಾಕವಲ್ಲಿ? ಪಾಸ್ಟರ್ ಕೇಳಾಕತ್ತಾರ."

"ದೇವರ ಡಬ್ಬ್ಯಾಗ ಮೋಸ ಮಾಡಿದಾಕಿಗೆ ಎಂಥಾ ದೃಢೀಕರಣ?"

ಅವಳು ಒಳಗೆ ಹೋಗಿ ಆ ಚೀಟಿ ತಂದು ನನ್ನ ಮುಂದಿಟ್ಟಳು. ಹಾಸಿಗೆ ಹಿಡಿದವರ ಜೊತೆ ದೇವರು ಇರುತ್ತಾನೆ ಎನ್ನುವ ವಚನ ಅದು. ಏಳು ವರ್ಷದವಳಿದ್ದಾಗ ಅವಳಿಗೆ ಅದೇ ಬಂದಿತ್ತು. ಅದೇ ಮಳೆಗಾಲದಲ್ಲಿ ಡೆಂಗ್ಯೂ ಬಂದು ಎಂಟು ದಿನ ಆಸ್ಪತ್ರೆಯಲ್ಲಿ ಮಲಗಿದಳು. ಆಮೇಲೆ ನಾನು ರೋಗ, ಕಣ್ಣೀರು, ಮರಣ ಎಂದಿರುವ ಚೀಟಿಗಳನ್ನೆಲ್ಲ ಆರಿಸಿ ತೆಗೆದು ನನ್ನ ಸೀರೆಗಳ ಕೆಳಗೆ ಬಚ್ಚಿಟ್ಟಿದ್ದೆ. ಈ ಗುಟ್ಟು ಗಂಡನಿಗೂ ಗೊತ್ತಿರಲಿಲ್ಲ.

"ನಿನ್ನ ಸೀರಿ ಕೆಳಗ ಏನದ ಅಂತ ನಾಕ್ ವರ್ಷದಿಂದ ಗೊತ್ತದ ನನಗ," ಅಂದಳು. "ಡಬ್ಬ್ಯಾಗ ಬರೇ ಸಿಹಿ ಸಿಹಿ ಇಟ್ಟೀದಿ. ಅವು ದೇವರು ಕೊಟ್ಟಿದ್ದಲ್ಲ ಮಮ್ಮಿ, ನೀ ಕೊಟ್ಟಿದ್ದು."

"ಹಂಗಂತ ಇದನ್ನ ತಗೋತಾರೇನ? ಆ ವರ್ಷ ಏನಾತು ಮರತಿ?"

"ಎಲ್ಲಿ ಮರೀಲಿ? ದವಾಖಾನ್ಯಾಗ ನೀ ಅಳಾಕ ಹೊರಗ ಹೋಗ್ತಿದ್ದಿ. ಆವಾಗ ನಾ ಇದನ್ನ ಹೇಳ್ಕೋತ ಮಲಗ್ತಿದ್ದೆ. ಹೆದರಿಕಿ ಹೋಗ್ತಿತ್ತು."

ಅಪಶಕುನವೆಂದು ನಾನು ಮುಚ್ಚಿಟ್ಟದ್ದನ್ನು ಹಿಡಿದುಕೊಂಡೇ ಆ ಕೂಸು ಎಂಟು ದಿನ ಕಳೆದಿತ್ತು. ನಂಬಿಕೆ ಹೇಳಿಕೊಡುವವಳು ನಾನು ಎಂದುಕೊಂಡಿದ್ದೆನಲ್ಲ, ನಾಚಿಕೆಯಾಯಿತು. ಅವಳ ಮುಖ ನೋಡದೆ ಸಹಿ ಹಾಕಿದೆ.

ಅವಳು ಕಾಗದ ತೆಗೆದುಕೊಳ್ಳದೆ ಹಾಗೇ ನಿಂತಿದ್ದಳು. ಆಮೇಲೆ ಮೆಲ್ಲಗೆ ಕೇಳಿದಳು: "ಹಂಗಾರ ಮಮ್ಮಿ, ಇಷ್ಟು ವರ್ಷ ನೀ ಒಬ್ಬಾಕೇ ಹೆದರ್ಕೊಂಡು ಇದ್ದಿ ಏನ?"

ಹೌದು ಅಂದೆ.